ಮರೋ ಓ'ಬ್ರಿಯನ್, ಇಂಚಿಕ್ವಿನ್ ಅರ್ಲ್: ಪದೇ ಪದೇ ಕೇಳುವ ಪ್ರಶ್ನೆಗಳು

ಮರೋ ಓ'ಬ್ರಿಯನ್ ಯಾರು?

ಐರ್ಲೆಂಡಿನ ದಕ್ಷಿಣ ಭಾಗದ ಮನ್‌ಸ್ಟರ್ ಪ್ರಾಂತ್ಯದ ದೊಡ್ಡ ಮನೆತನದವನು. ದಂಡನಾಯಕ, ರಾಜಕಾರಣಿ. ಹುಟ್ಟಿದ್ದು 1614ರಲ್ಲಿ, ತೀರಿಕೊಂಡದ್ದು 1674ರಲ್ಲಿ. ಮೊದಲು ಇಂಚಿಕ್ವಿನ್‌ನ ಆರನೇ ಬ್ಯಾರನ್ ಆಗಿದ್ದ, ಆಮೇಲೆ ಅದೇ ಊರಿನ ಹೆಸರಲ್ಲಿ ಮೊದಲನೇ ಅರ್ಲ್ ಆದ. ಎರಡೂ ದೊಡ್ಡ ಮನೆತನದವರ ಬಿರುದು, ಅರ್ಲ್ ಮೇಲಿನದು. ಕೆಲವು ಪುಸ್ತಕಗಳು ಮರೋ ಎನ್ನುತ್ತವೆ, ಕೆಲವು ಇಂಚಿಕ್ವಿನ್ ಎನ್ನುತ್ತವೆ. ಎರಡೂ ಒಬ್ಬನೇ.

ರಾಜನ ಪರ ಯುದ್ಧ ಮಾಡಿದ. ಆಮೇಲೆ ರಾಜನ ಶತ್ರುಗಳಾದ ಪಾರ್ಲಿಮೆಂಟಿನವರ ಪರ ನಿಂತ. ಮತ್ತೆ ರಾಜನ ಕಡೆಗೇ ಬಂದ. ಪ್ರೊಟೆಸ್ಟೆಂಟ್ ಆಗಿ ಕ್ಯಾಥೊಲಿಕ್ಕರನ್ನು ಕೊಂದ, ಕೊನೆಗೆ ತಾನೇ ಕ್ಯಾಥೊಲಿಕ್ ಆಗಿ ಸತ್ತ. ಈ ಒಂದು ಜೀವ ಅರ್ಥವಾದರೆ ಆ ಕಾಲದ ಐರ್ಲೆಂಡ್ ಅರ್ಧ ಅರ್ಥವಾದ ಹಾಗೆ ಅಂತ ನನಗನ್ನಿಸುತ್ತದೆ.

ಅವನಿಗೆ 'ಸುಡುವ ಮರೋ' ಅಂತ ಹೆಸರು ಯಾಕೆ?

ಮನ್‌ಸ್ಟರ್‌ನ ಹಳ್ಳಿಹಳ್ಳಿಗಳಲ್ಲಿ ಬೆಳೆ, ಮನೆ, ಕೋಟೆಗಳಿಗೆ ಅವನ ಸೈನ್ಯ ಬೆಂಕಿ ಇಟ್ಟಿತು. ಐರಿಷ್ ಭಾಷೆಯಲ್ಲಿ ಜನ ಇಟ್ಟ ಅಡ್ಡಹೆಸರಿಗೆ 'ಬೆಂಕಿಗಳ ಮರೋ' ಅನ್ನುವ ಅರ್ಥ ಬರುತ್ತದೆ. ಯಾರಾದರೂ ಹೆದರಿ ಬಿಳಿಚಿಕೊಂಡರೆ, 'ಇವನು ಮರೋನನ್ನು ಕಂಡಿದ್ದಾನೆ, ಇಲ್ಲವೇ ಅವನ ಪಕ್ಕದ ಪೊದೆಯನ್ನಾದರೂ ಕಂಡಿದ್ದಾನೆ' ಅನ್ನುವ ಗಾದೆ ಅಲ್ಲಿ ಬಹಳ ಕಾಲ ಉಳಿಯಿತು.

ಬ್ರಿಯನ್ ಬೋರು ವಂಶದವನು ಅನ್ನುವುದು ನಿಜವೇ?

ನಿಜ. ಬ್ರಿಯನ್ ಬೋರು ಐರ್ಲೆಂಡಿನ ದೊಡ್ಡ ದೊರೆ. 1014ರಲ್ಲಿ ಕ್ಲಾಂಟಾರ್ಫ್ ಯುದ್ಧದಲ್ಲಿ ಸತ್ತ. ಓ'ಬ್ರಿಯನ್ ಎಂದರೆ ಅವನ ಸಂತತಿ. ನೂರಾರು ವರ್ಷ ಈ ಮನೆತನ ಈಗಿನ ಕ್ಲೇರ್ ಸೀಮೆಯ ಸುತ್ತ ಥೋಮಂಡ್ ರಾಜ್ಯವನ್ನು ಆಳಿತು.

1543ರಲ್ಲಿ ಇದೇ ಹೆಸರಿನ ಇನ್ನೊಬ್ಬ ಮರೋ ಇಂಗ್ಲೆಂಡಿನ ಎಂಟನೇ ಹೆನ್ರಿಗೆ ತನ್ನ ರಾಜಪದವಿ ಬಿಟ್ಟುಕೊಟ್ಟ. ಅದಕ್ಕೆ ಬದಲಾಗಿ ಜಮೀನೂ ಇಂಗ್ಲಿಷ್ ಬಿರುದೂ ಸಿಕ್ಕವು. ಇಂಚಿಕ್ವಿನ್ ಬ್ಯಾರನ್ ಅನ್ನುವ ಬಿರುದು ಹುಟ್ಟಿದ್ದು ಹಾಗೆ. ಮುತ್ತಾತಂದಿರು ತಮ್ಮದೇ ಹಕ್ಕಿನಿಂದ ಆಳಿದ್ದ ನೆಲವನ್ನು ಮೊಮ್ಮಕ್ಕಳು ಲಂಡನ್ನಿನ ಕೃಪೆಯಿಂದ ಉಳಿಸಿಕೊಳ್ಳಬೇಕಾಯಿತು. ನಮ್ಮ ಮರೋನ ತಾತ 1597ರಲ್ಲಿ ಅರ್ನ್ ನದಿ ದಾಟುವಾಗ ಇಂಗ್ಲೆಂಡಿನ ರಾಣಿಯ ಪರ ಹೋರಾಡಿ ಸತ್ತವನು. ಎದುರಿಗಿದ್ದವರು ಐರಿಷರೇ.

ಐರಿಷ್ ರಾಜವಂಶದವನು ಪ್ರೊಟೆಸ್ಟೆಂಟ್ ಆಗಿದ್ದು ಹೇಗೆ?

1624ರಲ್ಲಿ ಅಪ್ಪ ತೀರಿಕೊಂಡಾಗ ಹುಡುಗನಿಗೆ ಹತ್ತು ವರ್ಷ. ಕಾನೂನಿನ ಪ್ರಕಾರ ಅವನು ರಾಜನ ಪಾಲನೆಗೆ ಹೋದ. ದೊಡ್ಡ ಮನೆತನದ ಎಳೆಯ ವಾರಸುದಾರರನ್ನು ಹೀಗೆ ವಶಕ್ಕೆ ತೆಗೆದುಕೊಂಡು ಪ್ರೊಟೆಸ್ಟೆಂಟ್ ಮಾಡಿ ಬೆಳೆಸುವುದು ಆಗಿನ ಸರ್ಕಾರದ ರೀತಿ.

ಮುಂದೆ ಎಲಿಜಬೆತ್ ಸೇಂಟ್ ಲೆಜರ್ ಅನ್ನುವವಳನ್ನು ಮದುವೆಯಾದ. ಮಾವ ಸರ್ ವಿಲಿಯಂ ಸೇಂಟ್ ಲೆಜರ್ ಮನ್‌ಸ್ಟರ್ ಪ್ರಾಂತ್ಯದ ಲಾರ್ಡ್ ಪ್ರೆಸಿಡೆಂಟ್, ಅಂದರೆ ಅಲ್ಲಿನ ದಂಡು, ಕೋರ್ಟು, ಆಡಳಿತ ಎಲ್ಲದರ ಮುಖ್ಯಸ್ಥ. ಮರೋ ಇಟಲಿಗೆ ಹೋಗಿ ಸ್ಪೇನಿನ ಸೈನ್ಯದಲ್ಲಿ ಯುದ್ಧವಿದ್ಯೆ ಕಲಿತ. 1639ರಲ್ಲಿ ವಾಪಸ್ ಬಂದ. ಮರುವರ್ಷ ಮಾವನ ಕೈಕೆಳಗೆ ವೈಸ್ ಪ್ರೆಸಿಡೆಂಟ್ ಆದ.

ಆಗ ಐರ್ಲೆಂಡಿನಲ್ಲಿ ಯಾರು ಯಾರ ಮೇಲೆ ಯುದ್ಧ ಮಾಡುತ್ತಿದ್ದರು? ತುಂಬಾ ಗೊಂದಲ.

ಗೊಂದಲ ಆಗುವುದು ಸಹಜ. ಎಷ್ಟು ಬೇಕೋ ಅಷ್ಟು ಹೇಳುತ್ತೇನೆ.

1641ರ ಅಕ್ಟೋಬರಿನಲ್ಲಿ ಉತ್ತರದ ಅಲ್‌ಸ್ಟರ್‌ನಲ್ಲಿ ಕ್ಯಾಥೊಲಿಕ್ಕರು ದಂಗೆ ಎದ್ದರು. ಜಮೀನು ಕಳೆದುಕೊಂಡ ಸಿಟ್ಟು, ಧರ್ಮದ ಭಯ ಎರಡೂ ಇದ್ದವು. ಬಹಳ ಪ್ರೊಟೆಸ್ಟೆಂಟ್ ವಲಸಿಗರು ಸತ್ತರು. ಅದಕ್ಕೆ ಸೇಡಾಗಿ ಬಹಳ ಕ್ಯಾಥೊಲಿಕ್ಕರೂ ಸತ್ತರು. 1642ರಲ್ಲಿ ಕ್ಯಾಥೊಲಿಕ್ಕರು ಕಿಲ್ಕೆನ್ನಿ ಪಟ್ಟಣದಲ್ಲಿ ಒಂದು ಒಕ್ಕೂಟ ಕಟ್ಟಿದರು. ತಾವು ರಾಜನಿಗೆ ನಿಷ್ಠರು, ತಮ್ಮ ಜಗಳ ಅವನ ಅಧಿಕಾರಿಗಳ ಜೊತೆ ಮಾತ್ರ ಎಂದು ಅವರ ಮಾತು.

ಅದೇ ವರ್ಷ ಇಂಗ್ಲೆಂಡಿನಲ್ಲಿ ಮೊದಲನೇ ಚಾರ್ಲ್ಸ್ ರಾಜನಿಗೂ ಪಾರ್ಲಿಮೆಂಟಿಗೂ ಯುದ್ಧ ಶುರುವಾಯಿತು. ಹಾಗಾಗಿ ಐರ್ಲೆಂಡಿನಲ್ಲಿದ್ದ ಪ್ರೊಟೆಸ್ಟೆಂಟರೂ ಎರಡು ಹೋಳಾದರು. ರಾಜನ ಕಡೆಯವರ ಮುಂದಾಳು ಆರ್ಮಂಡ್, ಅಂದರೆ ಜೇಮ್ಸ್ ಬಟ್ಲರ್. ಇದರ ಮೇಲೆ ಅಲ್‌ಸ್ಟರ್‌ನಲ್ಲಿ ಸ್ಕಾಟ್ಲೆಂಡಿನವರ ಸೈನ್ಯ ಬೇರೆ. ಒಂದೇ ದೇಶದಲ್ಲಿ ನಾಲ್ಕು ಪಡೆ!

ಅವನ ಮೊದಲ ದೊಡ್ಡ ಗೆಲುವು ಯಾವುದು?

1642ರ ಲಿಸ್‌ಕ್ಯಾರಲ್ ಯುದ್ಧ. ಆ ಬೇಸಿಗೆಯಲ್ಲಿ ಮಾವ ಸತ್ತ. ಪ್ರಾಂತ್ಯದ ಸೈನ್ಯ ಇಪ್ಪತ್ತೆಂಟರ ಅಳಿಯನ ಕೈಗೆ ಬಂತು. ಕಾರ್ಕ್ ಸೀಮೆಯ ಲಿಸ್‌ಕ್ಯಾರಲ್ ಕೋಟೆಯ ಹತ್ತಿರ ಗ್ಯಾರೆಟ್ ಬ್ಯಾರಿಯ ಕ್ಯಾಥೊಲಿಕ್ ಸೈನ್ಯ ಅವನಿಗಿಂತ ಬಹಳ ದೊಡ್ಡದಿತ್ತು. ಆದರೂ ಗೆದ್ದ.

ಬಾಯ್ಲನ ನಿಯಮ ಶಾಲೆಯಲ್ಲಿ ಓದಿದ್ದೀರಿ ಅಲ್ವಾ? ಅನಿಲದ ಒತ್ತಡ, ಗಾತ್ರದ ಲೆಕ್ಕ. ಆ ರಾಬರ್ಟ್ ಬಾಯ್ಲ್‌ನ ಅಣ್ಣ ಲೂಯಿಸ್ ಇದೇ ಯುದ್ಧದಲ್ಲಿ ಮರೋನ ಕಡೆ ಹೋರಾಡಿ ಸತ್ತ. ಇನ್ನೊಬ್ಬ ಅಣ್ಣ ರಾಜರ್ ಬಾಯ್ಲ್, ಲಾರ್ಡ್ ಬ್ರಾಗ್‌ಹಿಲ್, ಮರೋನಿಗೆ ಜೀವನವಿಡೀ ಪೈಪೋಟಿ ಕೊಟ್ಟ. ಅವನ ಹೆಸರು ನೆನಪಿಟ್ಟುಕೊಳ್ಳಿ.

1644ರಲ್ಲಿ ರಾಜನನ್ನು ಯಾಕೆ ಬಿಟ್ಟ?

ಎರಡು ಕಾರಣ. ಒಂದು, 1643ರ ಸೆಪ್ಟೆಂಬರಿನಲ್ಲಿ ಆರ್ಮಂಡ್ ರಾಜನ ಪರವಾಗಿ ಕ್ಯಾಥೊಲಿಕ್ ಒಕ್ಕೂಟದ ಜೊತೆ ಕದನವಿರಾಮ ಮಾಡಿಕೊಂಡ. ಮನ್‌ಸ್ಟರ್‌ನ ಪ್ರೊಟೆಸ್ಟೆಂಟರಿಗೆ ತಮ್ಮನ್ನು ಕೈಬಿಟ್ಟರು ಅನ್ನಿಸಿತು. ಎರಡು, ಮಾವನ ಪದವಿ ತನಗೆ ಸಿಗಬೇಕು ಎಂದು ಮರೋ 1644ರ ಆರಂಭದಲ್ಲಿ ಆಕ್ಸ್‌ಫರ್ಡ್‌ಗೆ ಹೋಗಿ ರಾಜನನ್ನೇ ಕಂಡ. ಅದು ಆಗಲೇ ಅರ್ಲ್ ಆಫ್ ಪೋರ್ಟ್‌ಲೆಂಡ್‌ಗೆ ಹೋಗಿತ್ತು. ಸೈನ್ಯ ನಡೆಸುತ್ತಿದ್ದವನು ಮರೋ, ಪದವಿ ಪಡೆದವನು ಇನ್ನೊಬ್ಬ.

ಜುಲೈ ಹೊತ್ತಿಗೆ ಪಾರ್ಲಿಮೆಂಟ್ ಕಡೆ ಸೇರಿದ. 1645ರಲ್ಲಿ ಪಾರ್ಲಿಮೆಂಟ್ ಅವನಿಗೆ ಅದೇ ಪದವಿ ಕೊಟ್ಟಿತು. ಸುಮ್ನೆ ಕುರ್ಚಿ ಆಸೆ ಅಂತ ಹೇಳಿಬಿಡುವುದು ಸುಲಭ. ಆದರೆ ಕಾರ್ಕ್, ಯಾಲ್, ಕಿನ್‌ಸೇಲ್ ಬಂದರುಗಳಿಗೆ ಹಡಗಿನಲ್ಲಿ ದವಸ ಕಳಿಸುವ ಶಕ್ತಿ ಆಗ ಪಾರ್ಲಿಮೆಂಟಿಗಿತ್ತು, ರಾಜನಿಗಿರಲಿಲ್ಲ. ಹಸಿದ ದಂಡು ಇಟ್ಟುಕೊಂಡವನು ಸಮುದ್ರದ ಕಡೆ ನೋಡಲೇಬೇಕು.

ಆ ಬೇಸಿಗೆಯಲ್ಲೇ ಈ ಪಟ್ಟಣಗಳಲ್ಲಿದ್ದ ಕ್ಯಾಥೊಲಿಕ್ ಜನರನ್ನು ಮನೆಮಠ ಬಿಡಿಸಿ ಹೊರಗೆ ಹಾಕಿದ. ಇದಕ್ಕೆ ಹಸಿವಿನ ಕಾರಣ ಒಪ್ಪುವುದಿಲ್ಲ.

ಕ್ಯಾಶೆಲ್‌ನಲ್ಲಿ ಏನಾಯಿತು?

ಈ ಪ್ರಶ್ನೆಗೆ ಉತ್ತರ ಸ್ವಲ್ಪ ಉದ್ದ.

ಟಿಪ್ಪರೇರಿ ಸೀಮೆಯ ಬಯಲಿನ ನಡುವೆ ಸುಣ್ಣಕಲ್ಲಿನ ಒಂದು ಗುಡ್ಡ ಎದ್ದು ನಿಂತಿದೆ. ಅದೇ ಕ್ಯಾಶೆಲ್ ಬಂಡೆ. ಮನ್‌ಸ್ಟರ್ ದೊರೆಗಳ ಹಳೆಯ ಪೀಠ ಅದು. ಬ್ರಿಯನ್ ಬೋರು ಕೂಡ ಮನ್‌ಸ್ಟರ್ ದೊರೆಯಾಗಿದ್ದವನು. 1101ರಲ್ಲಿ ಅವನ ಮರಿಮಗ ಮರ್ಟಾ ಓ'ಬ್ರಿಯನ್ ಈ ಬಂಡೆಯನ್ನು ಚರ್ಚಿಗೆ ದಾನ ಮಾಡಿದ. ಆಮೇಲೆ ಅಲ್ಲಿ ದೊಡ್ಡ ಕ್ಯಾಥೆಡ್ರಲ್ ಎದ್ದಿತು.

1647ರ ಸೆಪ್ಟೆಂಬರಿನಲ್ಲಿ ಮರೋನ ಸೈನ್ಯ ಟಿಪ್ಪರೇರಿಗೆ ನುಗ್ಗಿತು. ಸೈನಿಕರಿಗೆ ಸಂಬಳ ಬಂದಿರಲಿಲ್ಲ, ಹೊಟ್ಟೆಗೂ ಸರಿಯಾಗಿ ಇರಲಿಲ್ಲ. ಕೇಹರ್ ಕೋಟೆ ಬೇಗ ಶರಣಾಯಿತು. ಕ್ಯಾಶೆಲ್ ಪಟ್ಟಣದ ಜನ ಬಂಡೆಯ ಮೇಲಿನ ಕ್ಯಾಥೆಡ್ರಲ್ ಒಳಗೆ ಸೇರಿಕೊಂಡರು. ಕಾವಲಿಗೆ ಕೆಲವು ನೂರು ಸೈನಿಕರು. ಉಳಿದವರಲ್ಲಿ ಪಾದ್ರಿಗಳು, ಹೆಂಗಸರು, ಮಕ್ಕಳೂ ಇದ್ದರು. ಹಣ ಕೊಟ್ಟರೆ ಬಿಡುತ್ತೇನೆ ಎಂದು ಮರೋ ಕೇಳಿದ. ಅವರು ಒಪ್ಪಲಿಲ್ಲ.

ದಾಳಿ ಶುರುವಾಯಿತು. ಹೊರಗೋಡೆ ದಾಟಿದ ಮೇಲೆ ಹೋರಾಟ ಕ್ಯಾಥೆಡ್ರಲ್ ಒಳಗೇ ನಡೆಯಿತು. ಕೊನೆಗೆ ಸತ್ತವರ ಲೆಕ್ಕವನ್ನು ಸಾವಿರದ ಹತ್ತಿರ ಹೇಳುತ್ತಾರೆ. ಸೈನಿಕನೋ ಅಲ್ಲವೋ ಎಂದು ನೋಡಲಿಲ್ಲ. ಬೆಲೆಬಾಳುವುದನ್ನೆಲ್ಲ ದೋಚಿದರು.

ಸತ್ತವರಲ್ಲಿ ಥಿಯೋಬಾಲ್ಡ್ ಸ್ಟೇಪಲ್ಟನ್ ಅನ್ನುವ ಪಾದ್ರಿಯೂ ಒಬ್ಬ. 1639ರಲ್ಲಿ ಬ್ರಸೆಲ್ಸ್‌ನಲ್ಲಿ ಐರಿಷ್ ಭಾಷೆಯ ಧರ್ಮಬೋಧೆ ಪುಸ್ತಕ ಅಚ್ಚು ಮಾಡಿಸಿದವನು. ಜನಸಾಮಾನ್ಯರು ಆಡುವ ಮಾತಿನಂತೆಯೇ ಕಾಗುಣಿತ ಸರಳವಾಗಿರಲಿ ಎಂದು ಪ್ರಯತ್ನಪಟ್ಟವನು. ತಾಯ್ನುಡಿಯನ್ನು ಓದಲು ಸುಲಭ ಮಾಡಬೇಕು ಎಂದು ದುಡಿದ ಮನುಷ್ಯ ಹೀಗೆ ಹೋದ ಎಂದು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಮತ್ತೆ ಆ ದಾನದ ಮಾತು. ತನ್ನ ಮನೆಯವರೇ ಐದೂವರೆ ಶತಮಾನದ ಹಿಂದೆ ದೇವರಿಗೆ ಬಿಟ್ಟುಕೊಟ್ಟ ನೆಲ ಅದು. ರಾಜ, ಪಾರ್ಲಿಮೆಂಟ್ ಎಂದು ಕಡೆ ಬದಲಿಸಿದ್ದನ್ನು ನಾನು ದೊಡ್ಡದು ಮಾಡುವುದಿಲ್ಲ. ಕ್ಯಾಶೆಲ್ ಅನ್ನು ಮಾತ್ರ ಬಿಟ್ಟು ಮಾತಾಡಲು ಆಗುವುದಿಲ್ಲ.

ಕ್ಯಾಥೊಲಿಕ್ ಸೈನ್ಯ ಸಹಾಯಕ್ಕೆ ಬರಲಿಲ್ಲವೇ?

ಇಲ್ಲ. ಮನ್‌ಸ್ಟರ್‌ನಲ್ಲಿ ಒಕ್ಕೂಟದ ದಂಡನಾಯಕ ಲಾರ್ಡ್ ಟಾಫ್ ದೂರವೇ ಉಳಿದ. ಎರಡು ತಿಂಗಳ ಮೇಲೆ, ನವೆಂಬರ್ 13ರಂದು, ನಾಕ್‌ನನಸ್ ಗುಡ್ಡದಲ್ಲಿ ಎದುರಾದ. ಅವನ ಸೈನ್ಯ ಪುಡಿಯಾಯಿತು. ಸ್ಕಾಟ್ಲೆಂಡಿನ ಹೆಸರಾಂತ ಯೋಧ ಅಲಸ್ಡರ್ ಮಕ್ ಕೊಲ್ಲ ಅಲ್ಲೇ ಸತ್ತ. ಮನ್‌ಸ್ಟರ್‌ನಲ್ಲಿ ಮರೋನಿಗೆ ಎದುರು ನಿಲ್ಲುವವರು ಆಮೇಲೆ ಉಳಿಯಲಿಲ್ಲ.

ಇಷ್ಟು ಗೆದ್ದ ಮೇಲೆ 1648ರಲ್ಲಿ ಪಾರ್ಲಿಮೆಂಟನ್ನು ಯಾಕೆ ಬಿಟ್ಟ?

ಲಂಡನ್ನಿನಲ್ಲಿ ಅವನನ್ನು ನಂಬದವರು ಜಾಸ್ತಿ ಇದ್ದರು. 1647ರಲ್ಲಿ ಲಾರ್ಡ್ ಲೈಲ್ ಎಂಬುವನನ್ನು ಮೇಲಧಿಕಾರಿಯಾಗಿ ಕಳಿಸಿದ್ದರು. ಬ್ರಾಗ್‌ಹಿಲ್ ಅವನ ಜೊತೆ ಸೇರಿ ಮರೋನನ್ನು ಕೆಳಗಿಳಿಸಲು ನೋಡಿದ. ಅದು ಆಗಲಿಲ್ಲ. ಸೈನ್ಯಕ್ಕೆ ದುಡ್ಡೂ ಸರಿಯಾಗಿ ಬರಲಿಲ್ಲ.

ಇನ್ನೊಂದು ಕಾರಣವೂ ಇತ್ತು. ಅಷ್ಟರಲ್ಲಿ ಇಂಗ್ಲೆಂಡಿನಲ್ಲಿ ರಾಜ ಸೆರೆಯಾಳು. ಅಧಿಕಾರ ಪಾರ್ಲಿಮೆಂಟಿನ ಕೈ ತಪ್ಪಿ ಸೈನ್ಯದ ಕೈಗೆ ಹೋಗುತ್ತಿತ್ತು. ರಾಜನನ್ನು ಉರುಳಿಸಬೇಕು ಎಂದು ಮರೋ ಎಂದೂ ಹೊರಟವನಲ್ಲ. 1648ರ ಏಪ್ರಿಲ್‌ನಲ್ಲಿ ರಾಜನ ಪರ ಎಂದು ಸಾರಿದ. ಮೇ ತಿಂಗಳಲ್ಲಿ ಕ್ಯಾಥೊಲಿಕ್ ಒಕ್ಕೂಟದ ಜೊತೆಗೇ ಕದನವಿರಾಮ ಮಾಡಿಕೊಂಡ. ಕ್ಯಾಶೆಲ್ ನಡೆದು ಎಂಟು ತಿಂಗಳು ಆಗಿತ್ತು ಅಷ್ಟೇ.

ಪೋಪ್ ಕಳಿಸಿದ್ದ ಪ್ರತಿನಿಧಿ ರಿನುಚ್ಚಿನಿ ಕೆರಳಿದ. ಈ ಒಪ್ಪಂದಕ್ಕೆ ಕೈಜೋಡಿಸಿದ ಕ್ಯಾಥೊಲಿಕ್ಕರಿಗೆಲ್ಲ ಚರ್ಚಿನಿಂದ ಬಹಿಷ್ಕಾರ ಹಾಕಿದ. ಒಕ್ಕೂಟ ಒಡೆಯಿತು. ಕ್ಯಾಶೆಲ್‌ನಲ್ಲಿ ಬಂಧುಗಳನ್ನು ಕಳೆದುಕೊಂಡವರು ಮರೋನ ಪಕ್ಕ ಹೇಗೆ ನಿಲ್ಲಬೇಕಿತ್ತು, ಹೇಳಿ?

ಕ್ರಾಮ್‌ವೆಲ್ ಜೊತೆ ಅವನು ನೇರವಾಗಿ ಹೋರಾಡಿದನೇ?

ದೊಡ್ಡ ಯುದ್ಧದಲ್ಲಿ ಇಲ್ಲ. ಕ್ರಾಮ್‌ವೆಲ್ ಎಂದರೆ ಪಾರ್ಲಿಮೆಂಟ್ ಕಡೆಯ ದಂಡನಾಯಕ. 1649ರ ಜನವರಿಯಲ್ಲಿ ರಾಜನ ತಲೆ ಕಡಿದರು. ಆ ಬೇಸಿಗೆಯಲ್ಲಿ ಆರ್ಮಂಡ್‌ನ ಕೆಳಗೆ ಮರೋ ಡ್ರಾಗೆಡಾ, ಡಂಡಾಕ್ ಗೆದ್ದ. ಕ್ರಾಮ್‌ವೆಲ್ ದಕ್ಷಿಣದಲ್ಲಿ ಇಳಿಯಬಹುದು ಎಂದು ಆರ್ಮಂಡ್ ಅವನನ್ನು ಕುದುರೆ ದಂಡಿನ ಜೊತೆ ಮನ್‌ಸ್ಟರ್‌ಗೆ ಕಳಿಸಿದ. ಅವನು ಇಲ್ಲದಾಗ ಆಗಸ್ಟ್ 2ರಂದು ಡಬ್ಲಿನ್ ಹತ್ತಿರ ರಾತ್‌ಮೈನ್ಸ್‌ನಲ್ಲಿ ಆರ್ಮಂಡ್ ಸೋತ. ಎರಡು ವಾರಕ್ಕೆ ಕ್ರಾಮ್‌ವೆಲ್ ಡಬ್ಲಿನ್ನಿನಲ್ಲೇ ಇಳಿದ.

ಅಕ್ಟೋಬರಿನಲ್ಲಿ ಮರೋನ ಸ್ವಂತ ನೆಲೆಯಾದ ಕಾರ್ಕ್ ಪಟ್ಟಣದ ಕಾವಲು ಪಡೆ ತಿರುಗಿಬಿದ್ದು ಕ್ರಾಮ್‌ವೆಲ್ ಕಡೆ ಹೋಯಿತು. ಯಾಲ್, ಕಿನ್‌ಸೇಲ್ ಅದರ ಹಿಂದೆಯೇ ಹೋದವು. ಒಳಗಿನಿಂದ ಕೆಲಸ ಮಾಡಿಸಿದವರಲ್ಲಿ ಬ್ರಾಗ್‌ಹಿಲ್ ಮುಖ್ಯ. ಅವನು ಆಗ ಕ್ರಾಮ್‌ವೆಲ್‌ನ ಮನುಷ್ಯ. ಐದು ವರ್ಷದ ಹಿಂದೆ ಆ ಪಟ್ಟಣಗಳಿಂದ ಕ್ಯಾಥೊಲಿಕ್ಕರನ್ನು ಓಡಿಸಿ ಪ್ರೊಟೆಸ್ಟೆಂಟರನ್ನು ಮಾತ್ರ ಉಳಿಸಿದವನು ಮರೋ. ಉಳಿದ ಆ ಪ್ರೊಟೆಸ್ಟೆಂಟರಿಗೆ ಕ್ಯಾಥೊಲಿಕ್ಕರ ಜೊತೆ ಅವನ ಸ್ನೇಹ ಹಿಡಿಸಲಿಲ್ಲ.

1650ರ ಡಿಸೆಂಬರಿನಲ್ಲಿ ಆರ್ಮಂಡ್ ಜೊತೆ ಹಡಗು ಹತ್ತಿ ಫ್ರಾನ್ಸಿಗೆ ಹೋದ. 1652ರ ಕಾನೂನು ಪ್ರಾಣ, ಆಸ್ತಿ ಎರಡಕ್ಕೂ ಕ್ಷಮೆ ಇಲ್ಲದವರ ಪಟ್ಟಿಯಲ್ಲಿ ಅವನ ಹೆಸರನ್ನೂ ಬರೆಯಿತು.

ಅರ್ಲ್ ಬಿರುದು ಯಾವಾಗ ಬಂತು?

1654ರಲ್ಲಿ. ಕೊಟ್ಟವನು ಎರಡನೇ ಚಾರ್ಲ್ಸ್, ತಲೆ ಕಡಿಸಿಕೊಂಡ ರಾಜನ ಮಗ. ಆಗ ಅವನೂ ದೇಶ ಬಿಟ್ಟು ತಿರುಗುತ್ತಿದ್ದ. ಕೊಡಲು ಅವನ ಹತ್ತಿರ ಜಮೀನಿರಲಿಲ್ಲ, ದುಡ್ಡಿರಲಿಲ್ಲ, ಬಿರುದು ಮಾತ್ರ ಇತ್ತು.

ಕ್ಯಾಥೊಲಿಕ್ ಆದದ್ದು ಮನಸ್ಸಿನಿಂದಲೋ, ಲಾಭಕ್ಕೋ?

ಮನಸ್ಸಿನಿಂದ ಎಂದೇ ನನ್ನ ಅನಿಸಿಕೆ. ಫ್ರಾನ್ಸಿನ ಸೈನ್ಯದಲ್ಲಿದ್ದಾಗ, 1650ರ ದಶಕದ ನಡುವೆ, ಮತ ಬದಲಿಸಿದ. ಅಲ್ಲಿ ಅದರಿಂದ ಸ್ವಲ್ಪ ಅನುಕೂಲ ಇದ್ದಿರಬಹುದು. ಆದರೆ ಹೆಂಡತಿ ಗಟ್ಟಿ ಪ್ರೊಟೆಸ್ಟೆಂಟ್. ಮಗ ಯಾವ ಮತದಲ್ಲಿ ಬೆಳೆಯಬೇಕು ಎಂದು ಗಂಡ ಹೆಂಡತಿಗೆ ದೊಡ್ಡ ಜಗಳವೇ ಆಯಿತು. 1660ರ ನಂತರ ಮನ್‌ಸ್ಟರ್ ಪ್ರೆಸಿಡೆಂಟ್ ಪದವಿ ಅವನ ಕೈಗೆ ಬರದಂತೆ ಮಾಡಿದ್ದೇ ಈ ಮತ. ಆದರೂ ಬಿಡಲಿಲ್ಲ. ಬೇಕೆಂದಾಗ ಕಡೆ ಬದಲಿಸುವವನು ಎಂದು ಹೆಸರಾದ ಮನುಷ್ಯ ಇದೊಂದನ್ನು ಸಾಯುವ ತನಕ ಹಿಡಿದುಕೊಂಡ.

ಕಡಲ್ಗಳ್ಳರು ಹಿಡಿದಿದ್ದರಂತೆ?

ಹೌದು. 1660ರ ಆರಂಭದಲ್ಲಿ ಪೋರ್ಚುಗಲ್‌ಗೆ ಹೋಗುವಾಗ ಆಲ್ಜೀರ್ಸ್‌ನ ಕಡಲ್ಗಳ್ಳರು ಅವನ ಹಡಗನ್ನು ಹಿಡಿದರು. ಆ ಹೊಡೆದಾಟದಲ್ಲಿ ಮಗ ವಿಲಿಯಂ ಒಂದು ಕಣ್ಣು ಕಳೆದುಕೊಂಡ. ಮಗನನ್ನು ಒತ್ತೆಯಿಟ್ಟು ಅಪ್ಪ ಮೊದಲು ಹೊರಬಂದ. ಆ ಹೊತ್ತಿಗೆ ಎರಡನೇ ಚಾರ್ಲ್ಸ್ ಸಿಂಹಾಸನಕ್ಕೆ ವಾಪಸ್ ಬಂದಿದ್ದ. ಆಮೇಲೆ ಮಗನೂ ಬಿಡುಗಡೆಯಾದ.

ಭಾರತಕ್ಕೂ ಇವನಿಗೂ ಏನಾದರೂ ಸಂಬಂಧ ಇದೆಯೇ?

ಬಳಸುದಾರಿಯ ಸಂಬಂಧ ಇದೆ, ನಿಜವಾದದ್ದೇ. 1661ರಲ್ಲಿ ಎರಡನೇ ಚಾರ್ಲ್ಸ್‌ಗೂ ಪೋರ್ಚುಗಲ್‌ನ ಕ್ಯಾಥರೀನ್‌ಗೂ ಮದುವೆ ಒಪ್ಪಂದವಾಯಿತು. ವರದಕ್ಷಿಣೆಯಲ್ಲಿ ಮುಂಬಯಿ, ಆಫ್ರಿಕಾದ ಟ್ಯಾಂಜಿಯರ್, ಜೊತೆಗೆ ದೊಡ್ಡ ಮೊತ್ತದ ಹಣ. ಅದಕ್ಕೆ ಬದಲಾಗಿ ಸ್ಪೇನ್ ವಿರುದ್ಧ ಪೋರ್ಚುಗಲ್‌ಗೆ ಇಂಗ್ಲೆಂಡ್ ಸೈನ್ಯ ಕಳಿಸಬೇಕು. 1662ರಲ್ಲಿ ಆ ಸೈನ್ಯವನ್ನು ಕರೆದುಕೊಂಡು ಹೋದವನು ನಮ್ಮ ಮರೋ. ಮುಂಬಯಿ ಇಂಗ್ಲಿಷರಿಗೆ ಸಿಕ್ಕ ಒಪ್ಪಂದದಲ್ಲಿ ಅವರು ತೆತ್ತ ಬೆಲೆಯ ಒಂದು ಪಾಲು ಇವನ ದಂಡು. 1668ರಲ್ಲಿ ರಾಜ ಮುಂಬಯಿಯನ್ನು ವರ್ಷಕ್ಕೆ 10 ಪೌಂಡ್ ಬಾಡಿಗೆಗೆ ಈಸ್ಟ್ ಇಂಡಿಯಾ ಕಂಪನಿಗೆ ಕೊಟ್ಟ. ಮುಂದಿನದು ನಮಗೆ ಗೊತ್ತೇ ಇದೆ.

ಅವನು ಪೋರ್ಚುಗಲ್‌ನಲ್ಲಿ ಜಾಸ್ತಿ ದಿನ ಇರಲಿಲ್ಲ. ಅದೇ ವರದಕ್ಷಿಣೆಯ ಟ್ಯಾಂಜಿಯರ್‌ಗೆ ಮುಂದೆ ಮಗ ವಿಲಿಯಂ ಗವರ್ನರ್ ಆದ.

ಆಸ್ತಿ ವಾಪಸ್ ಸಿಕ್ಕಿತೇ? ಬ್ರಾಗ್‌ಹಿಲ್ ಕಥೆ ಏನಾಯಿತು?

ಆಸ್ತಿ ಸಿಕ್ಕಿತು. ಅದಕ್ಕೆಂದೇ ಒಂದು ಕಾನೂನು ಮಾಡಿದರು.

ಪ್ರೆಸಿಡೆಂಟ್ ಪದವಿ ಮಾತ್ರ ಬ್ರಾಗ್‌ಹಿಲ್‌ಗೆ ಹೋಯಿತು. ಕ್ರಾಮ್‌ವೆಲ್‌ಗೆ ದುಡಿದವನು ಸರಿಯಾದ ಹೊತ್ತಿಗೆ ರಾಜನ ಕಡೆ ಬಂದು ಅರ್ಲ್ ಆಫ್ ಆರರಿ ಆಗಿದ್ದ. ಇಬ್ಬರೂ ಕೊನೆಗೆ ರಾಜಿಯಾದರು. ಆರರಿ ಊರಲ್ಲಿ ಇಲ್ಲದಾಗ ಮರೋ ಅವನ ಕೆಲಸ ನೋಡಿಕೊಂಡದ್ದೂ ಉಂಟು. ಮರೋನ ಮಗ ವಿಲಿಯಂ ಆರರಿಯ ಮಗಳು ಮಾರ್ಗರೆಟ್‌ಳನ್ನು ಮದುವೆಯಾದ. ಇಪ್ಪತ್ತು ವರ್ಷದ ವೈರಿಗಳು ಬೀಗರಾದರು.

ಅವನನ್ನು ಪಕ್ಷಾಂತರಿ ಎಂದು ಕರೆಯುವುದು ಸರಿಯೇ?

ಕರೆಯಬಹುದು, ಆದರೆ ಅವನೊಬ್ಬನನ್ನೇ ಅಲ್ಲ. ಕಡೆ ಬದಲಿಸದೆ ಆ ಇಪ್ಪತ್ತು ವರ್ಷ ಬದುಕಿ ಉಳಿದ ದೊಡ್ಡ ಮನುಷ್ಯರು ಐರ್ಲೆಂಡಿನಲ್ಲಿ ಕಡಿಮೆ. ರಾಜ, ಪಾರ್ಲಿಮೆಂಟ್, ಪೋಪ್ ಮೂವರಲ್ಲಿ ಯಾರನ್ನೂ ಅವನು ಪೂರ್ತಿ ನಂಬಲಿಲ್ಲ. ಮನ್‌ಸ್ಟರ್ ತನ್ನ ಕೈಯಲ್ಲಿರಬೇಕು ಅನ್ನುವುದನ್ನು ಮಾತ್ರ ಬಿಡಲಿಲ್ಲ. ಆಗಿನ ಜನಕ್ಕೂ ಅವನ ಮೇಲಿದ್ದ ದೊಡ್ಡ ಸಿಟ್ಟು ಬೆಂಕಿಯದು. ಗಾದೆಯಲ್ಲಿ ಉಳಿದದ್ದೂ ಅದೇ.

ಒಂದೇ ಘಟನೆಗೆ ಬೇರೆ ಬೇರೆ ತಾರೀಕು ಯಾಕೆ?

ಆಗ ಇಂಗ್ಲೆಂಡ್, ಐರ್ಲೆಂಡ್ ಆಡಳಿತ ಹಳೆಯ ಕ್ಯಾಲೆಂಡರ್ ಬಳಸುತ್ತಿತ್ತು. ಅದು ಫ್ರಾನ್ಸ್, ಸ್ಪೇನಿನ ಹೊಸ ಕ್ಯಾಲೆಂಡರಿಗಿಂತ 10 ದಿನ ಹಿಂದೆ. ಅವರ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಹಾಗಾಗಿ 1649ರ ಜನವರಿಯನ್ನು ಹಳೆಯ ಕಾಗದಗಳು 1648 ಎಂದೇ ಬರೆಯುತ್ತವೆ.

ಅವನ ಗುರುತು ಇರುವ ಜಾಗಗಳು ಯಾವುವು?

ಮೊದಲು ಕ್ಯಾಶೆಲ್ ಬಂಡೆ. ಕ್ಯಾಥೆಡ್ರಲ್ ಚಾವಣಿ ಇಲ್ಲದೆ ನಿಂತಿದೆ. ಅದು ಹೋದದ್ದು ಮರೋನಿಂದಲ್ಲ, ಹದಿನೆಂಟನೇ ಶತಮಾನದಲ್ಲಿ ಕಟ್ಟಡವನ್ನು ಕೈಬಿಟ್ಟ ಮೇಲೆ. ಲಿಸ್‌ಕ್ಯಾರಲ್ ಕೋಟೆಯ ಗೋಡೆಗಳೂ ಇವೆ. ಕ್ಲೇರ್‌ನಲ್ಲಿ ಇಂಚಿಕ್ವಿನ್ ಕೆರೆಯ ದಂಡೆಯಲ್ಲಿ ಬಿರುದಿಗೆ ಹೆಸರು ಕೊಟ್ಟ ಹಳೆಯ ಕೋಟೆಯ ಪಾಳು ಇದೆ. ಅರ್ಲ್ ಬಿರುದು 1855ರಲ್ಲಿ ಮುಗಿಯಿತು. ಬ್ಯಾರನ್ ಬಿರುದು ಡ್ರೊಮೋಲೆಂಡ್‌ನ ಓ'ಬ್ರಿಯನ್ ಕವಲಿಗೆ ಹೋಯಿತು. ಅವರ ಡ್ರೊಮೋಲೆಂಡ್ ಕೋಟೆ ಈಗ ಹೋಟೆಲು.

ಸಮಾಧಿ ಎಲ್ಲಿದೆ?

1674ರ ಸೆಪ್ಟೆಂಬರ್ 9ರಂದು ತೀರಿಕೊಂಡ. ಲಿಮರಿಕ್ ಪಟ್ಟಣದ ಸೇಂಟ್ ಮೇರಿ ಕ್ಯಾಥೆಡ್ರಲ್‌ನಲ್ಲಿ ಮಣ್ಣು ಮಾಡಿ ಎಂದು ಬರೆದಿಟ್ಟಿದ್ದ. ಅದನ್ನು 1168ರಲ್ಲಿ ಕಟ್ಟಿಸಿದವನು ಡೋನಲ್ ಮೋರ್ ಓ'ಬ್ರಿಯನ್, ಅವನದೇ ಮನೆತನದ ದೊರೆ. ತನ್ನ ಆತ್ಮಕ್ಕಾಗಿ ಪೂಜೆ ಮಾಡಿಸಲು ಫ್ರಾನ್ಸಿಸ್ಕನ್ ಸನ್ಯಾಸಿಗಳಿಗೆ ಹಣವನ್ನೂ ಇಟ್ಟಿದ್ದ.

ಅವನ ಮಾತಿನಂತೆ ಅಲ್ಲೇ ಮಣ್ಣು ಮಾಡಿದರು. ಲಿಮರಿಕ್ ಜನ ಹೇಳುವ ಕಥೆ ಬೇರೆ. ಅದೇ ರಾತ್ರಿ ಊರವರು ಬಂದು ಹೆಣವನ್ನು ಹೊರಗೆ ತೆಗೆದು, ಪಕ್ಕದಲ್ಲೇ ಹರಿಯುವ ಶ್ಯಾನನ್ ಹೊಳೆಗೆ ಎಸೆದರಂತೆ.